ಹೊಲದ ಹುಲುಸು ಮನೆಗೆಷ್ಟು?

ಘಟಪ್ರಭೆಯ ನೀರು ಗಿರಣಿ ತಿರುಗಿಸಿತು. ಹಿಡಕಲ್ ಜಲಾಶಯ ಎರೆ ಹೊಲಗಳಿಗೆ ಕಬ್ಬು ತಂದಿತು. ಹುಕ್ಕೇರಿಯ ರೈತರು ತಮ್ಮದೇ ವಿದ್ಯುತ್ ಸಂಘ ಕಟ್ಟಿಕೊಂಡರು. ಬೆಳಗಾವಿ ಜಿಲ್ಲೆಯ ಗೋಕಾಕ–ಮೂಡಲಗಿ–ಹುಕ್ಕೇರಿ ಸೀಮೆಯ ದುಡಿಮೆಗೆ ಕೊರತೆ ಎಂದೂ ಇರಲಿಲ್ಲ. ಆದರೆ ದುಡಿಮೆಯ ಫಲದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಬರೆಯುವ ಲೇಖನಿ ಮಾತ್ರ ಸರ್ಕಾರದ ಕೈಯಲ್ಲಿದೆ.

ನವೆಂಬರ್ ಬಂತೆಂದರೆ ಮೂಡಲಗಿ ತಾಲ್ಲೂಕಿನ ರಸ್ತೆಗಳೆಲ್ಲ ಕಬ್ಬಿನವು. ಮುಂದೆ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಎರಡರ ಮೇಲೂ ಮಾಳಿಗೆಯೆತ್ತರಕ್ಕೆ ಪೇರಿಸಿದ ಕಬ್ಬು. ಡ್ರೈವರ್ ಹಚ್ಚಿದ ಹಾಡು ಗಾಡಿ ಕಾಣುವ ಮೊದಲೇ ಕೇಳಿಸುತ್ತದೆ. ಕೌಜಲಗಿಯಿಂದ ಕುಲಗೋಡದವರೆಗೆ, ಯಾದವಾಡದಿಂದ ಗೋಕಾಕದವರೆಗೆ ಚಹಾದಂಗಡಿಗಳಲ್ಲಿ ಆಗ ಒಂದೇ ಮಾತು: "ಈ ಸಲ ರೇಟ್ ಎಷ್ಟ್ ಐತಿ?"

2025ರ ಹಂಗಾಮಿನಲ್ಲಿ ಆ ಪ್ರಶ್ನೆ ರಸ್ತೆಗೇ ಇಳಿಯಿತು. ಅಕ್ಟೋಬರ್ ಕೊನೆಯಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಪೆಂಡಾಲ್ ಹಾಕಿ ಕುಳಿತರು. ಟನ್‌ಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ಹಗಲು ಭಾಷಣ, ರಾತ್ರಿ ಚಳಿಯಲ್ಲಿ ರಸ್ತೆಯಲ್ಲೇ ನಿದ್ದೆ. ಹಸಿರು ಟವೆಲ್ ಹೊದ್ದವರ ಸಂಖ್ಯೆ ದಿನದಿಂದ ದಿನಕ್ಕೆ ಬೆಳೆದು ಸಾವಿರಗಳಾಯಿತು. ಫ್ಯಾಕ್ಟರಿಯ ಕಡೆ ಓಡಬೇಕಿದ್ದ ಗಾಡಿಗಳು ನಿಂತವು, ಕಟಾವು ನಿಂತಿತು, ಮೂಡಲಗಿಯ ಒಂದು ಕೂಡುರಸ್ತೆಯ ಹೆಸರು ವಿಧಾನಸೌಧದ ಪಡಸಾಲೆಗಳಲ್ಲಿ ಓಡಾಡತೊಡಗಿತು.

ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಕಾರ್ಖಾನೆ ಮಾಲೀಕರನ್ನೂ ರೈತ ಮುಖಂಡರನ್ನೂ ಕರೆದು ಮಾತನಾಡಿದರು. ಶೇ 11.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್‌ಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಹಿಂದೆ ಮಾತಾಗಿದ್ದ ದರದ ಮೇಲೆ ಸೇರಿದ್ದು ನೂರು ರೂಪಾಯಿ. ಅದರಲ್ಲಿ 50 ಕಾರ್ಖಾನೆಯದು, 50 ಸರ್ಕಾರದ್ದು.

ನೂರು ರೂಪಾಯಿಗೆ ಇಷ್ಟೊಂದು ಹೋರಾಟವೇ ಎಂದು ಪೇಟೆಯವರು ಕೇಳಬಹುದು. ಎಕರೆಗೆ 40 ಟನ್ ಬೆಳೆಯುವವನಿಗೆ ನೂರು ರೂಪಾಯಿ ಎಂದರೆ ಎಕರೆಗೆ 4,000. ಮೂರು ಎಕರೆ ಕಬ್ಬಿದ್ದರೆ 12,000. ಮಗಳ ಕಾಲೇಜಿನ ಫೀ ಕಟ್ಟುವುದೋ ಮುಂದೂಡುವುದೋ ಎಂಬುದು ಎಷ್ಟೋ ಮನೆಗಳಲ್ಲಿ ಇಷ್ಟೇ ಹಣದ ಮೇಲೆ ನಿಂತಿರುತ್ತದೆ.

### ಎಷ್ಟು ತಾಸು ದುಡಿಯಬೇಕು?

ಒಂದು ದೇಶದ ಜನ ಚೆನ್ನಾಗಿ ಬದುಕಬೇಕೆಂದರೆ ಹೆಚ್ಚು ದುಡಿಯಬೇಕು ಎಂಬ ವಾದ ಇತ್ತೀಚೆಗೆ ಬಹಳ ಕೇಳಿಬಂತು. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ, ಯುವಕರು ವಾರಕ್ಕೆ 70 ತಾಸು ಕೆಲಸ ಮಾಡಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90 ತಾಸಿಗೆ ಏರಿಸಿದರು.

ಈ ಚರ್ಚೆಯನ್ನು ಕೌಜಲಗಿಯ ಕಬ್ಬಿನ ಗದ್ದೆಗೆ ತಂದು ನೋಡಬೇಕು. ನಸುಕಿನ ಐದಕ್ಕೆ, ಇಬ್ಬನಿಗೆ ತೊಯ್ದ ಗರಿ ಕೈ ಕೊಯ್ಯುವ ಹೊತ್ತಿನಲ್ಲಿ, ಕಡಿಯುವ ಟೋಳಿ ಗದ್ದೆಗೆ ಇಳಿದಿರುತ್ತದೆ. ಗಂಡ ಬುಡಕ್ಕೆ ಕೊಯ್ತಾ ಬೀಸಿದರೆ ಹೆಂಡತಿ ರವದಿ, ಅಂದರೆ ಒಣಗರಿ, ಸುಲಿದು, ಸೂಡು ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತಾಳೆ. ಗಾಡಿ ರಾತ್ರಿ ಬಂದರೆ ರಾತ್ರಿಯೇ ತುಂಬಬೇಕು. ಇವರ ವಾರ 70 ತಾಸನ್ನು ಎಂದೋ ದಾಟಿದೆ. ಆದರೂ ಹಂಗಾಮು ಮುಗಿದಾಗ ಕೈಯಲ್ಲಿ ಉಳಿಯುವುದು ಮುಂಗಡದ ಸಾಲ ತೀರಿಸಿ ಮಿಕ್ಕ ಚೂರುಪಾರು.

ಹೊರಗಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಜರ್ಮನಿಯ ಒಬ್ಬ ದುಡಿಮೆಗಾರ ವರ್ಷಕ್ಕೆ ಸುಮಾರು 1,340 ತಾಸು ಕೆಲಸ ಮಾಡುತ್ತಾನೆ, ಮೆಕ್ಸಿಕೊದವನು ಸುಮಾರು 2,200 ತಾಸು. ಬದುಕಿನ ಮಟ್ಟ ಮಾತ್ರ ಜರ್ಮನಿಯದೇ ಮೇಲು. ಅಲ್ಲಿ ಒಂದು ತಾಸಿನ ಕೆಲಸದ ಹಿಂದೆ ಯಂತ್ರ, ತರಬೇತಿ, ಒಳ್ಳೆಯ ರಸ್ತೆ, ಕೈಕೊಡದ ವಿದ್ಯುತ್, ಕೂಲಿ ಮಾತುಕತೆಗೆ ಬಲವಾದ ಸಂಘ ಇವೆಲ್ಲ ಇವೆ.

ನಮ್ಮಲ್ಲಿ 2023–24ರ ಕಾರ್ಮಿಕ ಸಮೀಕ್ಷೆಯಂತೆ ದುಡಿಯುವವರಲ್ಲಿ ಶೇ 46ರಷ್ಟು ಮಂದಿ ಕೃಷಿಯಲ್ಲಿದ್ದಾರೆ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ಕರ್ನಾಟಕದ ಉತ್ಪನ್ನದಲ್ಲಂತೂ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಬೆಳಗಾವಿಯ ರೈತ ಸೋಮಾರಿಯಾದ್ದರಿಂದ ಈ ಅಂತರ ಬಂದಿಲ್ಲ. ಅವನ ಒಂದು ತಾಸಿನ ಬೆವರಿನ ಹಿಂದೆ ನಿಂತ ಬಂಡವಾಳ ಕಡಿಮೆ, ಆ ಬೆವರಿಗೆ ಬೆಲೆ ಕಟ್ಟುವ ಅಧಿಕಾರವೂ ಅವನಿಗಿಲ್ಲ.

### ಜಲಪಾತದ ದಂಡೆಯ ಪಾಠ

ನೀರು, ಯಂತ್ರ, ಕಾನೂನು ಮೂರೂ ಸೇರಿದಾಗ ದುಡಿಮೆಯ ಚಹರೆ ಹೇಗೆ ಬದಲಾಗುತ್ತದೆ ಎಂಬುದನ್ನು ಈ ಸೀಮೆ ಬಹಳ ಮೊದಲೇ ಕಂಡಿದೆ. ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು. ಕಂಪನಿ ಹುಟ್ಟಿದ್ದು 1885ರಲ್ಲಿ, ಗಿರಣಿ ಓಡತೊಡಗಿದ್ದು 1887ರಲ್ಲಿ. ಬೀಳುವ ನೀರಿನ ಬಲವೇ ಅದರ ಉಸಿರು. ಕಲ್ಲಿದ್ದಲಿನ ಹೊಗೆಯಲ್ಲಿ ಮುಂಬಯಿಯ ಗಿರಣಿಗಳು ಓಡುತ್ತಿದ್ದ ಕಾಲಕ್ಕೆ ಇಲ್ಲಿ ನದಿ ನೂಲು ತೆಗೆಯುತ್ತಿತ್ತು.

ಮಳೆ ನಂಬಿ ಜೋಳ ಬಿತ್ತುತ್ತಿದ್ದ ಸುತ್ತಲಿನ ಹಳ್ಳಿಗಳಿಗೆ ತಿಂಗಳ ಪಗಾರ ಎಂಬುದು ಹೊಸ ಅನುಭವ. ಗಿರಣಿಯ ಸುತ್ತ ಕಾಲೊನಿ, ಶಾಲೆ, ದವಾಖಾನೆ, ಸಂತೆ ಬೆಳೆದವು. ಮಗ್ಗುಲಲ್ಲೇ ತೂಗುಸೇತುವೆ, ಅದರಾಚೆ ಚಾಲುಕ್ಯರ ಕಾಲದ ಗುಡಿ. ಇವತ್ತು ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಆ ಸೇತುವೆಯ ಹಲಗೆಗಳ ಮೇಲೆ ನೂರಾರು ಕಾರ್ಮಿಕರ ಪಾಳಿಯ ಹೆಜ್ಜೆಗಳು ಬಿದ್ದಿವೆ.

ಗಿರಣಿಯ ಯಂತ್ರ ಬಂದೊಡನೆ ಕಾರ್ಮಿಕನ ಬದುಕು ಹಸನಾಗಲಿಲ್ಲ. ಅದು ಬದಲಾದದ್ದು ಕಾನೂನಿನಿಂದ, ಅದೂ ಹೋರಾಟದ ಒತ್ತಾಯಕ್ಕೆ ಮಣಿದು, ಮೆಟ್ಟಿಲು ಮೆಟ್ಟಿಲಾಗಿ.

> ಪೆಟ್ಟಿಗೆ 1: ಕೆಲಸದ ತಾಸು ಇಳಿದ ಬಗೆ
>
> 1881: ಮೊದಲ ಕಾರ್ಖಾನೆ ಕಾಯ್ದೆ. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ. 7ರಿಂದ 12 ವರ್ಷದವರಿಗೆ ದಿನಕ್ಕೆ 9 ತಾಸಿನ ಮಿತಿ. ದೊಡ್ಡವರಿಗೆ ಮಿತಿಯೇ ಇಲ್ಲ.
>
> 1891: ಮಹಿಳೆಯರಿಗೆ ದಿನಕ್ಕೆ 11 ತಾಸು; ವಾರದ ರಜೆ.
>
> 1911: ಬಟ್ಟೆ ಗಿರಣಿಗಳ ಗಂಡಾಳುಗಳಿಗೂ 12 ತಾಸಿನ ಮಿತಿ.
>
> 1922: ವಾರಕ್ಕೆ 60 ತಾಸು.
>
> 1934: ವಾರಕ್ಕೆ 54 ತಾಸು.
>
> 1946–48: ವಾರಕ್ಕೆ 48 ತಾಸು. ಈ ಮಿತಿ ಇಂದಿಗೂ ಉಳಿದಿದೆ.
>
> 2023: ಕರ್ನಾಟಕದ ತಿದ್ದುಪಡಿ. ವಾರದ 48 ತಾಸು ಮೀರದಂತೆ, ಕಾರ್ಮಿಕರ ಒಪ್ಪಿಗೆಯ ಮೇಲೆ ದಿನಕ್ಕೆ 12 ತಾಸಿನವರೆಗೆ ಅವಕಾಶ.

ಗಿರಣಿಯ ಕಾರ್ಮಿಕನ ಮಗ ಶಾಲೆಯ ಮೆಟ್ಟಿಲು ಹತ್ತಿದ್ದು ತಂದೆ ಹೆಚ್ಚು ತಾಸು ದುಡಿದದ್ದರಿಂದ ಎನ್ನುವಂತಿಲ್ಲ. ಒಂದು ತಾಸಿಗೆ ಬರುವ ನೂಲು ಹೆಚ್ಚಿತು, ದುಡಿಮೆಯ ತಾಸಿಗೆ ಕಾನೂನು ಬೇಲಿ ಹಾಕಿತು, ಮಗುವನ್ನು ಗಿರಣಿಯಿಂದ ಹೊರಗಿಟ್ಟಿತು. ಈ ಮೂರೂ ಕೂಡಿದ್ದರಿಂದ ಅವನ ಬದುಕು ಮೇಲೆದ್ದಿತು.

### ಹುಕ್ಕೇರಿಯವರು ತಂದುಕೊಂಡ ಬೆಳಕು

1960ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ರೈತನಿಗೆ ಬಾವಿಯಿತ್ತು, ಬಾವಿಯಲ್ಲಿ ನೀರಿತ್ತು. ಮೇಲೆತ್ತುವುದಕ್ಕೆ ಎತ್ತು ಮತ್ತು ಅದು ಎಳೆಯುವ ತೊಗಲಿನ ಮಟ್ಟಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಇಡೀ ದಿನ ಮಟ್ಟಿ ಹೊಡೆದರೂ ಅರ್ಧ ಎಕರೆ ನೆನೆಯುವುದು ಕಷ್ಟ.

1969ರಲ್ಲಿ ಇಲ್ಲೊಂದು ದೊಡ್ಡ ಪ್ರಯೋಗ ನಡೆಯಿತು. ಗ್ರಾಮೀಣ ವಿದ್ಯುದೀಕರಣ ನಿಗಮ ದೇಶದಲ್ಲಿ ಐದು ಕಡೆ ರೈತರದೇ ವಿದ್ಯುತ್ ಸಹಕಾರಿ ಸಂಘಗಳನ್ನು ಕಟ್ಟಲು ಮುಂದಾದಾಗ, ಕರ್ನಾಟಕದಿಂದ ಆಯ್ಕೆಯಾದದ್ದು ಹುಕ್ಕೇರಿ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದ್ದ ಅಪ್ಪಣಗೌಡ ಪಾಟೀಲರು ಇದಕ್ಕೂ ಹೆಗಲು ಕೊಟ್ಟರು. ರೈತರು ಷೇರು ಹಾಕಿದರು. ಕಂಬ ಬಂದವು, ತಂತಿ ಬಂದವು, ಬಾವಿಗೆ ಮೋಟಾರು ಬಂತು.

ಒಂದು ಮೋಟಾರು ಮಾಡಿದ್ದೇನು? ದಿನವಿಡೀ ಮಟ್ಟಿಯ ಹಿಂದೆ ತಿರುಗುತ್ತಿದ್ದ ಆಳು ಬಿಡುವಾದ. ಒಂದು ಬೆಳೆ ಎರಡಾಯಿತು. ಜೋಳದ ಹೊಲಕ್ಕೆ ಕಬ್ಬು, ಅರಿಷಿಣ, ತರಕಾರಿ ಬಂದವು. ಮಾಳಿಗೆ ಮನೆಗಳ ಜಾಗದಲ್ಲಿ ನಿಧಾನವಾಗಿ ಸ್ಲ್ಯಾಬ್ ಮನೆಗಳೆದ್ದವು.

> ಪೆಟ್ಟಿಗೆ 2: ಐವರಲ್ಲಿ ಒಬ್ಬ
>
> ಹುಕ್ಕೇರಿ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ–ಪ್ರವರಾ, ಆಗಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ: ಇವು ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳು.
>
> ಮುಳಾ–ಪ್ರವರಾ 2011ರಲ್ಲಿ ಪರವಾನಗಿ ಕಳೆದುಕೊಂಡಿತು.
>
> ಕರ್ನಾಟಕದಲ್ಲಿ ವಿದ್ಯುತ್ ವಿತರಿಸುವ ಏಕೈಕ ಸಹಕಾರಿ ಸಂಘ ಹುಕ್ಕೇರಿಯದು. ಅದರ ಆಡಳಿತ ಮಂಡಳಿಗೆ 2025ರಲ್ಲಿ ನಡೆದ ಚುನಾವಣೆಯ ಬಿರುಸು ರಾಜ್ಯದ ಗಮನ ಸೆಳೆಯಿತು.

ಇದೇ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. 51 ಟಿಎಂಸಿ ಅಡಿ ಸಾಮರ್ಥ್ಯದ ಈ ಜಲಾಶಯಕ್ಕೆ ವಂಟಮುರಿಯ ದಾನಿ ರಾಜಾ ಲಖಮಗೌಡರ ಹೆಸರಿದೆ. ಅದರ ಎಡದಂಡೆ, ಬಲದಂಡೆ ಕಾಲುವೆಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ನೀರುಣಿಸುತ್ತವೆ. ಕಾಲುವೆ ಮುಟ್ಟಿದ ಹೊಲಕ್ಕೂ ಮುಟ್ಟದ ಹೊಲಕ್ಕೂ ಇರುವ ಅಂತರ ಕೌಜಲಗಿಯ ಸುತ್ತಮುತ್ತ ಬರಿಗಣ್ಣಿಗೇ ಕಾಣುತ್ತದೆ: ಒಂದು ಕಡೆ ಆಳೆತ್ತರದ ಕಬ್ಬು, ಇನ್ನೊಂದು ಕಡೆ ಮಳೆಗೆ ಕಾದ ಜೋಳ, ಗೋವಿನಜೋಳ. ಇಬ್ಬರು ರೈತರ ದುಡಿಮೆಯೂ ಒಂದೇ. ಅವರ ಅದೃಷ್ಟವನ್ನು ಬೇರೆ ಮಾಡಿದ್ದು ನಕ್ಷೆಯ ಮೇಲೆ ಎಂಜಿನಿಯರ್ ಎಳೆದ ಗೆರೆ.

### ನೀರು ಹೆಚ್ಚಾದಾಗ

ಆದರೆ ನೀತಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವುದೂ ಉಂಟು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ಇದೆ. ತ್ರೀ ಫೇಸ್ ಬರುವುದು ದಿನಕ್ಕೆ ಏಳು ತಾಸು, ಅದೂ ಹಲವು ಸಲ ಅಪರಾತ್ರಿಯಲ್ಲಿ. ಕರೆಂಟ್ ಬಂದಾಗ ಮೋಟಾರು ಚಾಲೂ ಇರಲಿ ಎಂದು ರೈತ ಸ್ವಿಚ್ ಹಾಕಿಯೇ ಬಿಟ್ಟಿರುತ್ತಾನೆ. ಕಾಲುವೆಯ ನೀರು ಸರದಿಯಂತೆ ಬಿಡುವುದರಿಂದ, ಬಂದಾಗ ಸಾಕುಬೇಕೆನ್ನದೆ ಹಾಯಿಸುತ್ತಾನೆ.

ಫಲ ಇದೆ: ಸವಳು, ಜವಳು. ಘಟಪ್ರಭಾ ಅಚ್ಚುಕಟ್ಟಿನ ಎರೆ ಭೂಮಿಯಲ್ಲಿ ನೀರು ಬಸಿದು ಹೋಗದೆ ನಿಂತು, ಉಪ್ಪು ಮೇಲೇರಿ, ಒಂದು ಕಾಲಕ್ಕೆ ಚಿನ್ನ ಬೆಳೆದ ಹೊಲಗಳು ಬಿಳಿಚಿಕೊಂಡಿವೆ. ಅಲ್ಲಿ ರೈತ ಎಷ್ಟೇ ಗೊಬ್ಬರ ಹಾಕಿದರೂ, ಎಷ್ಟೇ ದುಡಿದರೂ ಇಳುವರಿ ಇಳಿಯುತ್ತದೆ.

ಇದಕ್ಕೆ ಮದ್ದು ದೂರದಲ್ಲೇನೂ ಇಲ್ಲ. ಬಸಿಗಾಲುವೆ, ಹನಿ ನೀರಾವರಿ, ರವದಿಯನ್ನು ಸುಡದೆ ಹೊಲಕ್ಕೇ ಹೊದಿಸುವುದು, ಕಬ್ಬಿನ ನಡುವೆ ಕಾಳು ಬೆಳೆಯುವುದು ಇವೆಲ್ಲ ಈ ಭಾಗದ ರೈತರಿಗೆ ಗೊತ್ತಿರುವ ದಾರಿಗಳೇ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ ಎಸ್‌ಎನ್‌ಕೆ 07680ರಂಥ ಕಬ್ಬಿನ ತಳಿಗಳನ್ನೂ ಕೊಟ್ಟಿದೆ. ಎಕರೆಗೆ ಹತ್ತು ಟನ್ ಹೆಚ್ಚಿದರೆ 3,300ರ ದರದಲ್ಲಿ 33,000 ರೂಪಾಯಿ ಹೆಚ್ಚು ಬರುತ್ತದೆ. ನೂರು ರೂಪಾಯಿ ದರ ಏರಿಕೆಯ ಎಂಟು ಪಟ್ಟಿಗೂ ಮಿಗಿಲು. ಹನಿ ಪೈಪಿಗೆ, ಬಸಿಗಾಲುವೆಗೆ, ಹಗಲಿನ ವಿದ್ಯುತ್ತಿಗೆ ಸರ್ಕಾರ ಹಾಕುವ ಹಣ ಅದಕ್ಕಾಗಿಯೇ ಖರ್ಚೆನಿಸಿಕೊಳ್ಳದೆ ಹೂಡಿಕೆಯಾಗುತ್ತದೆ.

### ಟನ್ನಿನ ಬೆಲೆ ಎಲ್ಲಿ ಹುಟ್ಟುತ್ತದೆ?

ಬೆಳೆ ಎಷ್ಟೇ ಬರಲಿ, ಕಬ್ಬಿನ ದರ ಗೋಕಾಕದ ಸಂತೆಯಲ್ಲಿ ಹುಟ್ಟುವುದಿಲ್ಲ. ಕೇಂದ್ರ ಸಚಿವ ಸಂಪುಟ ಪ್ರತಿ ವರ್ಷ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ನಿಗದಿ ಮಾಡುತ್ತದೆ. 2025–26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಶೇ 0.1 ಹೆಚ್ಚಿದಂತೆಲ್ಲ 3.46 ರೂಪಾಯಿ ಸೇರುತ್ತದೆ.

ಶೇ 11.25 ಇಳುವರಿಗೆ ಇದು ಟನ್‌ಗೆ 3,896 ರೂಪಾಯಿ. ಹಾಗಿದ್ದರೆ ರೈತ 3,500ಕ್ಕೆ ರಸ್ತೆಯಲ್ಲಿ ಏಕೆ ಕುಳಿತ? ಎಫ್‌ಆರ್‌ಪಿ ಫ್ಯಾಕ್ಟರಿ ಬಾಗಿಲಿನ ದರ. ಕಟಾವು, ಸಾಗಣೆಯ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ. ದೂರಕ್ಕೆ ತಕ್ಕಂತೆ ಟನ್‌ಗೆ 700ರಿಂದ 900 ರೂಪಾಯಿ ಅಲ್ಲೇ ಹೋಗುತ್ತದೆ. ರೈತ ಕೇಳಿದ 3,500 ಈ ಖರ್ಚು ಕಳೆದು ಕೈಗೆ ಸಿಗಬೇಕಾದ ದರ. ಇನ್ನು ಇಳುವರಿಯ ಲೆಕ್ಕ ನಡೆಯುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ, ತೂಕ ಕಾರ್ಖಾನೆಯ ಕಾಟಾದ ಮೇಲೆ. ಸರ್ಕಾರದ್ದೇ ತೂಕದ ಯಂತ್ರ ಇರಲಿ ಎಂಬ ರೈತರ ಕೂಗು ಹುಟ್ಟಿದ್ದು ಇಲ್ಲಿಂದ.

> ಪೆಟ್ಟಿಗೆ 3: ಬಿಲ್ಲಿನ ಹಿಂದಿನ ಕಾನೂನು
>
> 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ಶೇ 15 ಬಡ್ಡಿ ಸೇರಿಸಬೇಕು.
>
> ಎಫ್‌ಆರ್‌ಪಿ ಪದ್ಧತಿ ಬಂದದ್ದು 2009ರಲ್ಲಿ.
>
> 2025–26ಕ್ಕೆ ಕೇಂದ್ರ ಹಿಡಿದ ಉತ್ಪಾದನಾ ವೆಚ್ಚ ಕ್ವಿಂಟಲ್‌ಗೆ 173 ರೂಪಾಯಿ. ಇದರಲ್ಲಿ ಸ್ವಂತ ಜಮೀನಿನ ಬಾಡಿಗೆ ಸೇರಿಲ್ಲ.
>
> 2013ರ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ, ಅಧಿವೇಶನ ನಡೆದಿರುವಾಗಲೇ, ಕಬ್ಬು ಬೆಳೆಗಾರರೊಬ್ಬರು ವಿಷ ಸೇವಿಸಿ ಪ್ರಾಣ ಬಿಟ್ಟರು. ರಾಜ್ಯದ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆಯೂ 2013ರದ್ದೇ.

ಕಾರ್ಖಾನೆಗಳಿಗೂ ಹೇಳುವುದಿದೆ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಕೇಂದ್ರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿಗೆ ನಿಲ್ಲಿಸಿತು. ಆ ಹಂಗಾಮಿನಲ್ಲಿ ಎಫ್‌ಆರ್‌ಪಿ 275 ಇತ್ತು. 2025ಕ್ಕೆ ಅದು 355ಕ್ಕೆ ಬಂದರೂ ಸಕ್ಕರೆಯ 31 ಕದಲಲಿಲ್ಲ. ರಫ್ತಿಗೆ ಎಷ್ಟು ಬಿಡಬೇಕು, ಎಥೆನಾಲ್‌ಗೆ ಎಷ್ಟು ಕಬ್ಬಿನ ಹಾಲು ಹೋಗಬೇಕು, ಲೀಟರಿಗೆ ಎಷ್ಟು ಕೊಡಬೇಕು ಎಂಬುದನ್ನೂ ದೆಹಲಿಯೇ ಹೇಳುತ್ತದೆ. ಇತ್ತ ಸಕ್ಕರೆಯ ಜೊತೆಗೆ ಎಥೆನಾಲ್, ವಿದ್ಯುತ್, ಕಾಕಂಬಿಯಿಂದಲೂ ಆದಾಯ ಬರುತ್ತದಲ್ಲ, ಅದರಲ್ಲಿ ನಮ್ಮ ಪಾಲೆಲ್ಲಿ ಎಂದು ರೈತ ಕೇಳುತ್ತಾನೆ. ಕೇಳುವುದು ನ್ಯಾಯವೇ. ಸಕ್ಕರೆ ಮತ್ತು ಉಪ ಉತ್ಪನ್ನಗಳ ಒಟ್ಟು ಆದಾಯದಲ್ಲಿ ಶೇ 70 ರೈತನಿಗೆ ಸಲ್ಲಬೇಕೆಂದು ಸಿ. ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು.

ಒಂದೇ ಟನ್ ಕಬ್ಬಿನ ಮೇಲೆ ಇಷ್ಟೊಂದು ಆದೇಶಗಳಿರುವಾಗ ಹಂಗಾಮು ಶುರುವಾದ ಮೇಲೆ ದರದ ಮಾತು ಎತ್ತುವುದೇ ದೊಡ್ಡ ಲೋಪ. ಗುರ್ಲಾಪುರದಲ್ಲಿ ಹಾಗೂ ಹೀಗೂ ಇತ್ಯರ್ಥವಾಯಿತು. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಆಗಲಿಲ್ಲ. ಅದೇ ನವೆಂಬರ್‌ನಲ್ಲಿ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಬೆಂಕಿಗೆ ಆಹುತಿಯಾದವು. ಉರಿದದ್ದು ಯಾರೋ ರೈತನ ಹನ್ನೆರಡು ತಿಂಗಳ ದುಡಿಮೆ.

### ಲೆಕ್ಕದಲ್ಲಿ ಕಾಣದ ಕೈಗಳು

ಟನ್‌ಗೆ 3,300 ಎಂದು ಘೋಷಣೆಯಾದ ದಿನ ಟಿವಿ ಪರದೆಯ ಮೇಲೆ ರೈತ ಇದ್ದ, ಸಚಿವರು ಇದ್ದರು, ಕಾರ್ಖಾನೆಯವರು ಇದ್ದರು. ಕಬ್ಬು ಕಡಿಯುವವರು ಎಲ್ಲೂ ಇರಲಿಲ್ಲ.

ಬೆಳಗಾವಿ ಜಿಲ್ಲೆಯ ಇಪ್ಪತ್ತೈದಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಕುಟುಂಬಗಳು ಬರುತ್ತವೆ. ಹಂಗಾಮಿಗೆ ಮೊದಲೇ ಮುಕಾದಮ, ಅಂದರೆ ಕೂಲಿ ಗುತ್ತಿಗೆದಾರ, ಮುಂಗಡ ಕೊಟ್ಟಿರುತ್ತಾನೆ. ಆ ಸಾಲ ತೀರುವವರೆಗೂ ಕಡಿಯಬೇಕು. ಜೋಡಿಯೊಂದು ದಿನಕ್ಕೆ ಒಂದೂವರೆ, ಎರಡು ಟನ್ ಕಡಿದರೆ ಹೆಚ್ಚು. ಲೆಕ್ಕ ಇಡುವುದು ಜೋಡಿಯ ಹೆಸರಿನಲ್ಲಾದ್ದರಿಂದ ಹೆಂಡತಿಯ ಕೂಲಿ ಎಂಬುದು ಬೇರೆಯಾಗಿ ಇಲ್ಲವೇ ಇಲ್ಲ. ರಜೆ ಹಾಕಿದರೆ ದಂಡ. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ತೆಗೆಸಿಕೊಂಡ ಸಂಗತಿ 2019ರಲ್ಲಿ ಬಯಲಾದಾಗ ದೇಶ ಬೆಚ್ಚಿಬಿದ್ದಿತ್ತು. ಉತ್ಪಾದಕತೆಯ ಅಂಕಿಯನ್ನು ದೇಹದಿಂದ ಹಿಂಡಿ ತೆಗೆದಾಗ ಆಗುವುದು ಹೀಗೆ.

ಹೊಲದಂಚಿನ ಗುಡಿಸಲುಗಳಲ್ಲಿ ಅವರ ಮಕ್ಕಳು ಚಿಕ್ಕ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿರುತ್ತಾರೆ. ಅವರ ಹೆಸರು ಇರುವ ಶಾಲೆ ನೂರಾರು ಕಿಲೊಮೀಟರ್ ದೂರದಲ್ಲಿದೆ.

ಯಂತ್ರ ಬರುತ್ತಿದೆ. ಕಟಾವು ಯಂತ್ರಕ್ಕೆ ಸರ್ಕಾರ ಸಹಾಯಧನವನ್ನೂ ಕೊಡುತ್ತಿದೆ. ಆಳು ಸಿಗದ ರೈತನಿಗೆ ಅದು ಬೇಕು. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ 2002ರ ಕಾನೂನಿನಿಂದ ಕಬ್ಬು ಸುಡುವುದನ್ನು ಹಂತಹಂತವಾಗಿ ನಿಲ್ಲಿಸಿ ಯಂತ್ರದ ಕಟಾವಿಗೆ ದಾರಿ ಮಾಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಗದ್ದೆಗಳಿಂದ ಕೈಕಟಾವು ಬಹುತೇಕ ಮರೆಯಾಯಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರಿಗೆ ಟ್ರ್ಯಾಕ್ಟರ್ ಓಡಿಸುವ, ಯಂತ್ರ ರಿಪೇರಿಯ ತರಬೇತಿ ಸಿಕ್ಕಿತು, ಬಹಳ ಮಂದಿಗೆ ಸಿಗಲಿಲ್ಲ. ನಮ್ಮಲ್ಲಿ ಯಂತ್ರ ಕೊಳ್ಳುವವರಿಗೆ ಸಹಾಯಧನ ಬರೆದ ಆದೇಶವಿದೆ. ಯಂತ್ರದಿಂದ ಕೆಲಸ ಹೋದವರಿಗೆ ಏನು ಎಂದು ಬರೆದ ಸಾಲು ಇನ್ನೂ ಬರಬೇಕಿದೆ.

ದರ ಹಂಗಾಮಿಗೆ ಮೊದಲೇ ಗೊತ್ತಾಗಲಿ. ತೂಕ, ಇಳುವರಿ ಎರಡನ್ನೂ ಕಾರ್ಖಾನೆಗೆ ಸೇರದವರು ನೋಡಲಿ. ಸವಳು ಭೂಮಿಗೆ ಬಸಿಗಾಲುವೆ, ಹೊಲಕ್ಕೆ ಹಗಲು ಕರೆಂಟ್ ಬರಲಿ. ಇವು ರೈತರು ಬಾಯಿಬಿಟ್ಟು ಕೇಳುತ್ತಿರುವ ಮಾತುಗಳು, ಕೇಳಲು ಅವರಿಗೆ ಸಂಘವಿದೆ, ಗುರ್ಲಾಪುರ ಕ್ರಾಸ್ ಇದೆ.

ಕಡಿಯುವವರಿಗೆ ಆ ಬಲವೂ ಇಲ್ಲದ್ದರಿಂದ ಅವರ ಮಾತನ್ನು ಸರ್ಕಾರವೇ ಎತ್ತಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗಾಗಿ ಗೋಪಿನಾಥ ಮುಂಡೆ ಹೆಸರಿನ ಕಲ್ಯಾಣ ನಿಗಮವಿದೆ, ಸಂಘ–ಕಾರ್ಖಾನೆಗಳ ನಡುವೆ ಕೂಲಿ ಒಪ್ಪಂದ ನಡೆಯುತ್ತದೆ, 2024ರ ಜನವರಿಯಲ್ಲಿ ಅವರ ಕೂಲಿ ಶೇ 34 ಏರಿತು. ಅದೇ ಕುಟುಂಬಗಳು ಗಡಿ ದಾಟಿ ಹುಕ್ಕೇರಿಗೋ ಮೂಡಲಗಿಗೋ ಬಂದಾಗ ಅವರಿಗೂ ಲಿಖಿತ ಕೂಲಿ ದರ, ಹೆಂಡತಿಯ ಹೆಸರಿನಲ್ಲೇ ಬೇರೆ ಖಾತೆ, ಗುಡಿಸಲಿನ ಹತ್ತಿರ ಹಂಗಾಮಿ ಶಾಲೆ ಸಿಗಬೇಕು. ಕಬ್ಬಿನ ಬಿಲ್ಲಿಗೆ 14 ದಿನದ ಗಡುವು, ಶೇ 15ರ ಬಡ್ಡಿ ಎಂದು ಬರೆಯಲು ಬಂದ ಸರ್ಕಾರಕ್ಕೆ, ಕಡಿದವರ ಕೂಲಿಗೂ ಅಂಥದೇ ಒಂದು ನಿಯಮ ಬರೆಯುವುದು ಕಷ್ಟವಲ್ಲ. ಮುಂದಿನ ಹಂಗಾಮಿನ ಬಾಯ್ಲರ್ ಪೂಜೆಗೆ ಮೊದಲೇ ಅದನ್ನು ಬರೆಯಬಹುದು.